ಪಂಕ್ತಿ ತಿಪ್ಪೇಸ್ವಾಮಿ

ಊಟದ ಹಾಲ್‌ನ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದ ತಿಪ್ಪೇಸ್ವಾಮಿಯವರನ್ನೇ ನಾನು ಮೊದಲು ನೋಡಿದ್ದು. ಹಿಂದೂಪುರದಲ್ಲಿ ನಮ್ಮ ನೆಂಟರೊಬ್ಬರ ಮದುವೆ. ನನ್ನ ಹಿಂದೆ ನನ್ನ ಚಿಕ್ಕಪ್ಪ, ಚಿಕ್ಕಪ್ಪನ ಹಿಂದೆ ಹಸಿದ ಒಂದು ಊರು. ಒಳಗೆ ಎಲೆಗಳು ಖಾಲಿ ಇವೆ, ಕಣ್ಣಿಗೇ ಕಾಣುತ್ತಿವೆ. ಆದರೂ ಆ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, "ಇಷ್ಟೇ ಸಾಕು. ಉಳಿದೋರು ಮುಂದಿನ ಪಂಕ್ತಿಗೆ" ಎಂದುಬಿಟ್ಟರು. ಅವರ ಕೈ ನೆಟ್ಟಗೆ ನನ್ನ ಮೂಗಿನ ಮುಂದೆಯೇ ಇತ್ತು.

ಚಿಕ್ಕಪ್ಪನಿಗೆ ರೇಗಿತು. "ಎಲೆ ಖಾಲಿ ಬಿದ್ದವಲ್ಲಯ್ಯ! ನಾವು ಕುಂತ್ರೆ ನಿಮ್ಮಪ್ಪನ ಗಂಟು ಹೋಯ್ತದಾ?"

"ಎಲೆ ಖಾಲಿ ಅವೆ ಕಣಣ್ಣ, ಬಡಿಸೋ ಕೈ ಖಾಲಿ ಇಲ್ಲ. ಈಗ ನೀನು ಒಳಕ್ಕೋದ್ರೆ ಅನ್ನ ಬರೋ ಹೊತ್ತಿಗೆ ಉಪ್ಪಿನಕಾಯಿ ನೆಕ್ಕಿ ಮುಗಿಸಿರ್ತೀಯ. ಇಲ್ಲೇ ನಿಂತ್ಕ, ಬಿಸಿ ಅನ್ನ ಉಣ್ಣಿಸ್ತೀನಿ."

ಚಿಕ್ಕಪ್ಪ ಗೊಣಗುತ್ತಲೇ ನಿಂತರು. ಮುಂದಿನ ಪಂಕ್ತಿಯಲ್ಲಿ ಕೂತಾಗ ನಿಜವಾಗಿಯೂ ಹಬೆಯಾಡುವ ಅನ್ನ ಬಂತು, ಅದರ ಬೆನ್ನಿಗೇ ಸಾರು ಬಂತು, ತುಪ್ಪ ಕೇಳುವ ಮೊದಲೇ ತುಪ್ಪ ಬಂತು. ಕೈ ತೊಳೆದು ಹೊರಗೆ ಬಂದ ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಆ ತಲೆಕೆಟ್ಟೋನು ಯಾರಂತೆ?" ಎಂದು ವಿಚಾರಿಸಿದರು. ಕಲ್ಯಾಣದುರ್ಗದ ನೇಯ್ಗೆಯವರ ಮನೆಯ ಮಗ, ಲೆಕ್ಕದಲ್ಲಿ ಡಿಗ್ರಿ ಮಾಡಿಕೊಂಡವನು, ನೆಂಟರಿಷ್ಟರ ಯಾವ ಮದುವೆಯಾದರೂ ಪಂಕ್ತಿ ನಿಲ್ಲಿಸುವವನು ಅವನೇ ಎಂದು ಗೊತ್ತಾಯಿತು. ಅವರನ್ನು ಎಲ್ಲರೂ ಪಂಕ್ತಿ ತಿಪ್ಪೇಸ್ವಾಮಿ ಅಂತಲೇ ಕರೆಯುತ್ತಿದ್ದರು.

ಅವರ ಪಂಕ್ತಿಯಲ್ಲಿ ಭೇದ ಇರಲಿಲ್ಲ. ಬಾಗಿಲ ಹತ್ತಿರ ಮೊದಲು ಬಂದವರು ಮೊದಲು ಕೂರಬೇಕು, ಅಷ್ಟೆ. ಕಲ್ಯಾಣದುರ್ಗದ ಒಂದು ಮದುವೆಯಲ್ಲಿ ಗಂಡಿನ ಸೋದರಮಾವನನ್ನೇ ಬಾಗಿಲಲ್ಲಿ ತಡೆದಿದ್ದರಂತೆ. ಬೀಗರ ಕಡೆಯವರು ಎದ್ದು ನಿಂತರು, ಹೆಣ್ಣಿನ ತಂದೆ ಕೈ ಮುಗಿದುಕೊಂಡು ಓಡಿ ಬಂದರು. ತಿಪ್ಪೇಸ್ವಾಮಿಯವರು ಜಗ್ಗಲಿಲ್ಲ. ಒಂದು ಕುರ್ಚಿ ತರಿಸಿ, ಸೋದರಮಾವನನ್ನು ಬಾಗಿಲಲ್ಲೇ ಕೂರಿಸಿ, ಕೈಗೆ ಪಾನಕದ ಲೋಟ ಕೊಟ್ಟು, ಅವರ ಊರಿನ ಮಳೆ ಬೆಳೆ ವಿಚಾರಿಸುತ್ತಾ ನಿಂತರಂತೆ. ಆ ಮಾವ ಆಮೇಲೆ ತನ್ನ ಮಗಳ ಮದುವೆಗೆ ಅವರನ್ನೇ ಹುಡುಕಿಕೊಂಡು ಬಂದ ಎಂಬುದನ್ನು ತಿಪ್ಪೇಸ್ವಾಮಿಯವರೇ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗೆಲ್ಲ ಪಾನಕದ ಲೋಟ ಸ್ವಲ್ಪ ದೊಡ್ಡದಾಗುತ್ತಿತ್ತು.

ಇದೆಲ್ಲ ಅವರ ಹವ್ಯಾಸ. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಕಂಪ್ಯೂಟರಿನ ಪ್ರೋಗ್ರಾಮು ಬರೆಯುವ ಕೆಲಸ. ನಾನು ಅವರನ್ನು ಮೊದಲು ಕಂಡ ಆ ಮದುವೆಯಾದ ಕೆಲವು ತಿಂಗಳಿಗೆ, ತೊಂಬತ್ತರ ದಶಕದ ಮೊದಮೊದಲ ವರ್ಷಗಳಲ್ಲಿ, ಹಿಂದೂಪುರದ ಒಂದು ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿನ ಆಫೀಸಿಗೆ ನಾನು ಆಪರೇಟರ್ ಆಗಿ ಸೇರಿದೆ. ಬಿ.ಕಾಂ. ಓದಿ, ಟೈಪಿಂಗ್ ಪಾಸು ಮಾಡಿ, ಮನೆಯಲ್ಲಿ ಎಲ್ಲರ ಬಾಯಿಗೆ ಬಾಯಿ ಕೊಡುತ್ತಾ ಕೂತಿದ್ದವಳು ನಾನು. ಕೆಲಸಕ್ಕೆ ಸೇರಿದ ಮೊದಲ ದಿನ ಎ.ಸಿ. ಕೋಣೆಯ ಬಾಗಿಲು ತೆಗೆದರೆ ಒಳಗೆ ಅದೇ ಬಿಳಿ ಅಂಗಿ, ಅದೇ ಮಡಚಿದ ತೋಳು. "ಓ, ಅವತ್ತು ಬಾಗ್ಲಲ್ಲಿ ಬೈದೋರ ಮನೆ ಹುಡುಗಿ! ಊಟ ಆಯ್ತಾ?" ಎಂದರು. ಬೆಳಿಗ್ಗೆ ಹತ್ತು ಗಂಟೆ ಆಗಿತ್ತು.

ಆ ಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರು, ನಮ್ಮ ಬಾಯಲ್ಲಿ ಅದು ಮಿಷನ್ನು; ಅದಕ್ಕೆ ಹೊಂದಿಸಿದ, ಪರದೆ ಮತ್ತು ಕೀಲಿಮಣೆ ಮಾತ್ರ ಇರುವ ಮೂರು ಟರ್ಮಿನಲ್ಲು. ಮೂರೂ ಹೊರಗಿನ ಕೌಂಟರಿನಲ್ಲಿ, ಒಂದರ ಮುಂದೆ ನಾನು. ಊರಿನ ಹುಣಸೆ ಮಾರುಕಟ್ಟೆಯಿಂದ ಬಂದ ಮೂಟೆಗಳನ್ನು ತಂಪು ಕೋಣೆಗಳಲ್ಲಿ ಇಡುತ್ತಿದ್ದರು. ಮೂಟೆ ಇಟ್ಟ ರೈತರು, ವ್ಯಾಪಾರಿಗಳು ಬಂದು, ನನ್ನ ಹಣ್ಣು ಯಾವ ಕೋಣೆಯಲ್ಲಿದೆ, ಯಾವ ಸಾಲಿನಲ್ಲಿದೆ ಎಂದು ಕೇಳುವರು. ನಾನು ಸೇರುವ ಮೊದಲು, ಹೀಗೆ ಕೇಳಿದಾಗೆಲ್ಲ ಆಪರೇಟರು ಕೀಲಿ ಒತ್ತುವುದು, ಮಿಷನ್ನು ವರ್ಷದ ಲೆಕ್ಕವನ್ನೆಲ್ಲಾ ತಡಕಾಡುವುದು. ಬಂದ ಮೂಟೆ ಎಷ್ಟು, ಹೋದದ್ದೆಷ್ಟು, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಿದ್ದೆಷ್ಟು ಎಂದು ಲೆಕ್ಕ ಹಾಕಿ ಉತ್ತರ ಹೇಳುವಷ್ಟರಲ್ಲಿ ಕೇಳಿದವರು ಹೊರಗೆ ಹೋಗಿ ಬೀಡಿ ಸೇದಿ ಬಂದಿರುತ್ತಿದ್ದರು.

ಇದಕ್ಕೆ ತಿಪ್ಪೇಸ್ವಾಮಿಯವರು ಒಂದು ಉಪಾಯ ಮಾಡಿದ್ದರು. ಒಮ್ಮೆ ಹುಡುಕಿದ ಉತ್ತರವನ್ನು ಮಿಷನ್ನು ಬೇರೆ ಒಂದು ಕಡೆ ಎತ್ತಿಡಬೇಕು. ಅದೇ ಪ್ರಶ್ನೆ ಮತ್ತೆ ಬಂದರೆ ತಡಕಾಡದೆ ಅಲ್ಲಿಂದಲೇ ತೆಗೆದು ಕೊಡಬೇಕು. ಎತ್ತಿಡುವ ಆ ಜಾಗವನ್ನು ಅವರು ಗೂಡು ಎನ್ನುತ್ತಿದ್ದರು. ನಮ್ಮ ಮನೆಗಳ ಗೋಡೆಯಲ್ಲಿ ದೀಪ, ಬೆಂಕಿಪೊಟ್ಟಣ, ತಲೆನೋವಿನ ಮುಲಾಮು ಇಡುವ ಗೂಡು ಇರುತ್ತದಲ್ಲ, ಅದೇ. "ಅಟ್ಟ ಹತ್ತಿ ಹುಡುಕೋ ಸಾಮಾನು ಬೇರೆ, ಕೈಗೆ ಸಿಗೋ ಸಾಮಾನು ಬೇರೆ ಕಣಮ್ಮ" ಎಂದು ನನಗೆ ಮೊದಲ ದಿನವೇ ಪಾಠ ಮಾಡಿದರು. ಗೂಡು ಬಂದ ಮೇಲೆ ಕೌಂಟರಿನಲ್ಲಿ ಬೀಡಿ ಸೇದುವಷ್ಟು ಪುರುಸೊತ್ತು ಯಾರಿಗೂ ಸಿಗಲಿಲ್ಲ.

ಆದರೆ ಗೂಡಿಗೂ ಒಂದು ರೋಗ ಇತ್ತು. ಪ್ರತಿ ಶನಿವಾರ ಹಮಾಲಿಗಳು ಮೂಟೆಗಳನ್ನು ಕೋಣೆಯಿಂದ ಕೋಣೆಗೆ ಜರುಗಿಸಿ ಹೊಸದಾಗಿ ಜೋಡಿಸುತ್ತಿದ್ದರು. ಆಗ ಗೂಡಿನಲ್ಲಿದ್ದ ಉತ್ತರಗಳೆಲ್ಲ ಸುಳ್ಳಾಗುತ್ತಿದ್ದವು. ಅವನ್ನು ಅಳಿಸದೆ ಬಿಟ್ಟರೆ ಭಾನುವಾರ ಬೆಳಿಗ್ಗೆ ಲಾರಿ ತುಂಬಲು ಬಂದವರಿಗೆ ಮಿಷನ್ನು ಹಳೆಯ ಕೋಣೆಯನ್ನೇ ತೋರಿಸುವುದು, ಹಮಾಲಿಗಳು ತಪ್ಪು ಬಾಗಿಲು ತೆಗೆಯುವುದು, ತಂಪೆಲ್ಲ ಆಚೆ ಹೋಗುವುದು. ಒಂದು ಸಲ ಹಾಗೆ ಆಗಿ, ನಮ್ಮ ಸಾಹುಕಾರ ಮುದ್ದಪ್ಪನವರು ತೆಲುಗಿನಲ್ಲೂ ಕನ್ನಡದಲ್ಲೂ ಬೈದಿದ್ದರು. ಅದಕ್ಕೇ ಶನಿವಾರ ಸಂಜೆಯೊಳಗೆ ಗೂಡು ಖಾಲಿ ಆಗಲೇಬೇಕು. ಹಮಾಲಿಗಳ ಕೆಲಸ ಮುಗಿಯುವುದು ಮಧ್ಯಾಹ್ನ ಮೂರರ ಮೇಲೆ, ಕೌಂಟರು ಮುಚ್ಚುವುದು ಆರಕ್ಕೆ. ಆರಕ್ಕೆ ಸಾಹುಕಾರರು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಮುಗಿಯಿತು. ಹಾಗಾಗಿ ಒಂದು ಕಡೆ ಜನರಿಗೆ ಉತ್ತರ ಹೇಳುತ್ತಾ, ಇನ್ನೊಂದು ಕಡೆ ಗೂಡನ್ನೂ ತೊಳೆಯಬೇಕಾಗಿತ್ತು.

ಇಲ್ಲೇ ತಿಪ್ಪೇಸ್ವಾಮಿಯವರ ಕಷ್ಟ ಇದ್ದದ್ದು. ಒಂದೊಂದೇ ಉತ್ತರ ಅಳಿಸುತ್ತಾ ಹೋದರೆ ಮಿಷನ್ನು ಪ್ರತಿ ಸಲವೂ ಹೋಗಿ, ಹುಡುಕಿ, ಅಳಿಸಿ, ಗುರುತು ಹಾಕಿ ಬರಬೇಕು. ಆರು ಗಂಟೆಯಾದರೂ ಗೂಡಿನ ತಳ ಕಾಣುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೇ ಅಳಿಸಿಬಿಡು ಎಂದರೆ ಮಿಷನ್ನು ಗೂಡಿನ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿತ್ತು. ಹೊರಗೆ ಮೂರು ಟರ್ಮಿನಲ್ಲೂ ಮೂಕವಾಗಿಬಿಡುತ್ತಿದ್ದವು. ನಡುವೆ ಕರೆಂಟು ಹೋದರಂತೂ ಮತ್ತೆ ಮೊದಲಿನಿಂದ. ಆದ್ದರಿಂದ ಅವರು ಗೊಂಚಲು ಗೊಂಚಲಾಗಿ ಅಳಿಸುತ್ತಿದ್ದರು. ಒಂದು ಸಲಕ್ಕೆ ಇಷ್ಟು, ಸ್ವಲ್ಪ ಬಿಡುವು, ಮತ್ತೆ ಇಷ್ಟು. ಅದಕ್ಕೂ ಅವರು ಇಟ್ಟ ಹೆಸರು ಪಂಕ್ತಿಯೇ.

ಒಂದು ಪಂಕ್ತಿಗೆ ಎಷ್ಟು? ಅದೇ ಅವರಿಗೆ ಸಿಗದ ಲೆಕ್ಕ. ಐವತ್ತು ಇಟ್ಟರು, ನೂರು ಇಟ್ಟರು, ಸಾವಿರಕ್ಕೂ ಹೋದರು. ಒಂದು ಶನಿವಾರ ಸರಿಹೋಗಿದ್ದು ಮುಂದಿನ ಶನಿವಾರ ಕೈಕೊಡುತ್ತಿತ್ತು. ಅವರು ಮಿಷನ್ನಿನ ಮುಂದೆ ಕೂತೇ ಇರಬೇಕು, ಟರ್ಮಿನಲ್ಲು ಮಂಕಾದರೆ ನಿಲ್ಲಿಸಬೇಕು, ಮತ್ತೆ ಶುರು ಮಾಡಬೇಕು.

ಇದರಲ್ಲಿ ಏನು ಮಹಾ ಕಷ್ಟ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಅವರ ಕಾಲ ಬುಡದಲ್ಲಿ ಇರುತ್ತಿದ್ದ ರೆಕ್ಸಿನ್ ಬ್ಯಾಗಿನ ಕಥೆ ತಿಳಿಯುವವರೆಗೆ. ಅವರ ಹೆಂಡತಿ ಲಕ್ಷ್ಮೀದೇವಿ ಕಲ್ಯಾಣದುರ್ಗದಲ್ಲಿದ್ದು ಸೆಟ್ಟೂರಿನ ಕಡೆಯ ಒಂದು ಸ್ಕೂಲಿನಲ್ಲಿ ಟೀಚರಾಗಿದ್ದರು. ಇಬ್ಬರಿಗೂ ಶೈಲಜ ಎಂಬ ಎರಡು ವರ್ಷದ ಮಗಳು. ತಿಪ್ಪೇಸ್ವಾಮಿಯವರು ಹಿಂದೂಪುರದಲ್ಲಿ ಒಂದು ರೂಮು ಮಾಡಿಕೊಂಡು, ಶನಿವಾರ ಸಂಜೆ ಐದೂವರೆಯ ಬಸ್ಸಿಗೆ ಊರಿಗೆ ಹೋಗುವುದು ಎಂದು ಲೆಕ್ಕ. ಮಡಕಶಿರಾ, ಪಾವಗಡದ ಮೇಲೆ ನೇರವಾಗಿ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದ ಕಡೆಯ ಬಸ್ಸು ಅದೊಂದೇ. ಅದು ತಪ್ಪಿದರೆ ಭಾನುವಾರ ಬೆಳಿಗ್ಗೆ ಹೊರಟು, ಮಧ್ಯಾಹ್ನ ಮನೆ ಸೇರಿ, ಉಂಡ ಕೈ ಒಣಗುವ ಮೊದಲೇ ವಾಪಸ್ಸು ಹೊರಡಬೇಕು. ಗೂಡಿನ ದೆಸೆಯಿಂದ ಆ ಬಸ್ಸು ಅವರಿಗೆ ಸಿಕ್ಕಿದ್ದಕ್ಕಿಂತ ತಪ್ಪಿದ್ದೇ ಹೆಚ್ಚು.

"ವಿಜಯಾ, ನನ್ ಮಗಳು ಬಲು ಚೂಟಿ ಕಣಮ್ಮ" ಎಂದು ನನಗೆ ಹೇಳಿದರು ಒಂದು ಸೋಮವಾರ. "ನಾನು ಮನೆಗೆ ಹೋದ್ರೆ ಅವಳಜ್ಜಿ ಸೆರಗಿನ ಹಿಂದೆ ನಿಂತ್ಕಂಡ್ಬುಡ್ತಾಳೆ. ಕರೆದ್ರೆ ಬರಾಕಿಲ್ಲ. ಬಿಸ್ಕತ್ತು ತೋರಿಸಿದ್ರೂ ಬರಾಕಿಲ್ಲ. ನಾನು ಹೊರಡಾಕೆ ಅಂತ ಬ್ಯಾಗ್ ತಗಂಡೆ ನೋಡು, ಓಡಿ ಬಂದು ಬಾಗ್ಲಲ್ಲಿ ನಿಂತ್ಕಂಡು ಟಾಟಾ ಮಾಡ್ತಾಳೆ. ಎಷ್ಟ್ ಚೆಂದಾಗಿ ಮಾಡ್ತಾಳೆ ಅಂತೀಯ! ಅವಳು ಕಲ್ತಿರೋ ಮೊದಲ್ನೇ ವಿದ್ಯೆ ಅದು."

ಹೇಳಿ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳಲು ಶುರು ಮಾಡಿದರು. ಒರೆಸಿ ಮುಗಿಯಲೇ ಇಲ್ಲ. ಒಬ್ಬ ಒಳ್ಳೆಯ ಮನುಷ್ಯನನ್ನು ಹುಣಸೆಹಣ್ಣಿನ ಮೂಟೆಗಳು ಹಿಡಿದಿಟ್ಟುಕೊಂಡಿವೆಯಲ್ಲ ಎಂದು ನನಗೆ ಸಿಟ್ಟು ಬಂತು.

ಅಮಾವಾಸ್ಯೆಯ ಕಥೆ ನಡೆದದ್ದು ಅದಾದ ಮೇಲೆ. ಅಮಾವಾಸ್ಯೆಯ ದಿನ ಹಣ್ಣು ಒಳಗೆ ತೆಗೆದುಕೊಳ್ಳುವುದೂ ಇಲ್ಲ, ಹೊರಗೆ ಕೊಡುವುದೂ ಇಲ್ಲ ಎಂಬುದು ನಮ್ಮ ಸಾಹುಕಾರರ ಪದ್ಧತಿ. ಗೇಟಿಗೆ ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡೆದರೆ ಆ ದಿನದ ವ್ಯವಹಾರ ಮುಗಿಯಿತು. ಆಫೀಸು ಮಾತ್ರ ತೆಗೆದಿರುತ್ತಿತ್ತು. ನಾವು ಸೊಳ್ಳೆ ಹೊಡೆಯುತ್ತಾ ಕೂತಿರುತ್ತಿದ್ದೆವು. ತಿಪ್ಪೇಸ್ವಾಮಿಯವರಿಗೆ ಅಷ್ಟು ಪುರುಸೊತ್ತಿನ ದಿನ ಬೇರೆ ಸಿಗುತ್ತಿರಲಿಲ್ಲ. ಬೆಳಗಿನಿಂದ ಗೂಡು ತುಂಬಿಸುವುದು, ತೊಳೆಯುವುದು, ಮತ್ತೆ ತುಂಬಿಸುವುದು, ಪಂಕ್ತಿಯನ್ನು ದೊಡ್ಡದು ಮಾಡಿ ಮತ್ತೆ ತೊಳೆಯುವುದು. ಸಂಜೆಯ ಹೊತ್ತಿಗೆ ಅವರ ಮುಖ ಅರಳಿತ್ತು. "ಸಿಕ್ತು ಕಣಮ್ಮ! ಎಂಟ್ನೂರು. ಒಂದು ಲೋಟ ಟೀ ಕುಡಿಯೋದ್ರಾಗೆ ಗೂಡು ಖಾಲಿ!" ಎಂದು ಎಲ್ಲರಿಗೂ ಟೀ ತರಿಸಿದರು. ಊರಿಗೆ ಫೋನು ಮಾಡಿ, ಈ ಶನಿವಾರ ಬತ್ತೀನಿ ಎಂದೂ ಹೇಳಿದರು.

ಆ ಶನಿವಾರ ಹುಣಸೆಯ ಸುಗ್ಗಿ. ಕೌಂಟರಿನ ಮುಂದೆ ಕಾಲಿಡಲು ಜಾಗ ಇಲ್ಲ. ನಾಲ್ಕು ಗಂಟೆಗೆ ಅವರು ಎಂಟ್ನೂರರ ಪಂಕ್ತಿ ಶುರು ಮಾಡಿದರು. ಮೊದಲನೆಯ ಪಂಕ್ತಿಗೇ ನನ್ನ ಟರ್ಮಿನಲ್ಲು ಕಲ್ಲಾಯಿತು. ಪಕ್ಕದ್ದೂ ಕಲ್ಲಾಯಿತು. ನನ್ನ ಮುಂದೆ ನಿಂತಿದ್ದ ಅಜ್ಜ ಪರದೆಯನ್ನೇ ನೋಡುತ್ತಾ, "ಏನಮ್ಮಿ, ಸತ್ತೋಯ್ತಾ?" ಎಂದು ಕೇಳಿದ. ಸಾಹುಕಾರರು ಒಳಗಿನಿಂದ ಎದ್ದು ಬಂದರು.

"ಏಮಯ್ಯಾ ತಿಪ್ಪೇಸ್ವಾಮಿ, ನೀ ಮಿಷನ್ ನಿದ್ರ ಪೋಯಿಂದಾ? ಜನಾ ನಿಂತವ್ರೆ ಕಾಣಾಕಿಲ್ವಾ?"

"ಎದ್ದೇಳ್ತದೆ ಸಾವ್ಕಾರ್ರೆ, ಎದ್ದೇಳ್ತದೆ."

ಎದ್ದಿತು, ಮತ್ತೆ ಮಲಗಿತು. ಖಾಲಿ ಆಫೀಸಿನಲ್ಲಿ ಸರಿಹೋಗಿದ್ದ ಲೆಕ್ಕ ತುಂಬಿದ ಕೌಂಟರಿಗೆ ಒಗ್ಗಲಿಲ್ಲ. ಅವರು ಪಂಕ್ತಿ ಚಿಕ್ಕದು ಮಾಡಿದರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಐದೂವರೆ ಆಯಿತು. ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತಿತ್ತು. ಅದರ ಹಾರನ್ನು ಕೇಳಿದಾಗ ಅವರು ತಲೆ ಎತ್ತಲಿಲ್ಲ. ಕಾಲಿನಿಂದ ಬ್ಯಾಗನ್ನು ಮೇಜಿನ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದರು.

ಮುಂದಿನ ವಾರ ಅವರು ಮತ್ತೆ ಹೊಸ ಸಂಖ್ಯೆಗಳನ್ನು ಬರೆದುಕೊಂಡು ಕೂತಾಗ ನನಗೆ ತಡೆಯಲಾಗಲಿಲ್ಲ. ಬಾಯಿ ಸುಮ್ಮನಿರದು ನನ್ನದು. "ಸಾರ್, ಮದುವೆ ಮನೇಲೂ ಹಿಂಗೇನಾ? ಯಾರೂ ಬರೋ ಮುಂಚೆ ಖಾಲಿ ಹಾಲಲ್ಲಿ ನಿಂತ್ಕಂಡು ಪಂಕ್ತಿಗೆ ಇಷ್ಟು ಅಂತ ಬರ್ಕಂತೀರಾ?" ಎಂದುಬಿಟ್ಟೆ.

ಅವರಿಗೆ ಕೋಪ ಬಂತು. "ನಿಂಗೆ ಎಲ್ಲಾ ನಗಾಟ" ಎಂದು ಎದ್ದು ಹೋದರು. ಹೊರಗೆ ಹುಣಸೆ ಹಣ್ಣಿನ ಮೂಟೆಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುವುದು ಕಾಣುತ್ತಿತ್ತು. ಊಟದ ಹೊತ್ತಾಯಿತು, ಬರಲಿಲ್ಲ. ಅತಿಯಾಯಿತೇನೋ ಎಂದು ನನಗೂ ಅಳುಕಾಗಿತ್ತು. ಮೂರು ಗಂಟೆಗೆ ನನ್ನ ಕುರ್ಚಿಯ ಪಕ್ಕ ಬಂದು ನಿಂತರು.

"ಖಾಲಿ ಹಾಲಲ್ಲಿ ಯಾವೋನ್ ಹೇಳ್ತಾನಮ್ಮ? ಮೊದಲ್ನೇ ಪಂಕ್ತಿ ಕೂರಿಸಿ ನೋಡ್ಬೇಕು. ಬೇಗ ಎದ್ರಾ, ಮುಂದಿನ್ದಕ್ಕೆ ನಾಕು ಜನ ಜಾಸ್ತಿ ಬುಡು. ಸಾರಿಗೆ ಕೈ ಎತ್ಕಂಡು ಕುಂತವ್ರಾ, ಮುಂದಿನ್ದು ಅರ್ಧಕ್ಕೆ ಇಳಿಸ್ಬುಡು. ಏರ್ಸೋದು ನಿಧಾನ, ಇಳ್ಸೋದು ತಕ್ಷಣ. ಬಾಗ್ಲಲ್ಲಿ ನಿಂತೋನು ಬೈದ್ರೆ ಬೈಯ್ಲಿ, ಎಲೆ ಮುಂದೆ ಕುಂತೋನು ಕಾಯ್ಬಾರ್ದು. ಇಷ್ಟ್ ವರ್ಷ ಮಾಡ್ಕಂಡ್ ಬಂದಿದ್ದೀನಿ, ಇಲ್ಲಿ ಮಾತ್ರ ಸಂಖ್ಯೆ ಹುಡುಕ್ತಾ ಕುಂತೆ ನೋಡು, ದಡ್ಡ ನಾನು!"

ಎರಡು ವಾರ ಹಿಡಿದು ಅದನ್ನೇ ಪ್ರೋಗ್ರಾಮಿಗೆ ಬರೆದರು. ಇನ್ನು ಮೇಲೆ ಸಂಖ್ಯೆ ಅವರು ಹೇಳುವುದಲ್ಲ. ಮಿಷನ್ನು ಮೊದಲು ಒಂದು ಸಣ್ಣ ಪಂಕ್ತಿ ಅಳಿಸಬೇಕು, ಎಷ್ಟು ಹೊತ್ತು ಹಿಡಿಯಿತು ಎಂದು ತನ್ನದೇ ಗಡಿಯಾರ ನೋಡಿಕೊಳ್ಳಬೇಕು. ಬೇಗ ಮುಗಿದಿದ್ದರೆ ಮುಂದಿನ ಪಂಕ್ತಿ ಸ್ವಲ್ಪ ದೊಡ್ಡದು. ಯಾವುದಾದರೂ ಟರ್ಮಿನಲ್ಲು ಕಾಯುತ್ತಿದ್ದರೆ ಮುಂದಿನದು ನೇರ ಅರ್ಧ. ಎರಡು ಪಂಕ್ತಿಗಳ ನಡುವೆ ಕಾದವರಿಗೆಲ್ಲ ಉತ್ತರ ಕೊಟ್ಟು ಮುಗಿಸಬೇಕು. ಕರೆಂಟು ಹೋದರೆ, ಬಂದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು.

ಪರೀಕ್ಷೆಯ ಶನಿವಾರ ಅವರು ಕೂರಲೇ ಇಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದರು. ಎ.ಸಿ. ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಒಂದು ಕಣ್ಣು ಒಳಗಿನ ಪರದೆಯ ಮೇಲೆ, ಒಂದು ಕಣ್ಣು ಕೌಂಟರಿನ ಮೇಲೆ. ಒಳಗಿನ ಪರದೆಯಲ್ಲಿ ಪಂಕ್ತಿಗೆ ಎಷ್ಟು ಎಂಬ ಸಂಖ್ಯೆ ಏರುತ್ತಿತ್ತು, ನಮ್ಮ ಕಡೆ ಜನ ಒತ್ತಿದಾಗ ದಡಕ್ಕನೆ ಇಳಿಯುತ್ತಿತ್ತು, ಮತ್ತೆ ಮೆಲ್ಲಗೆ ಏರುತ್ತಿತ್ತು. ನನ್ನ ಟರ್ಮಿನಲ್ಲು ಒಂದೆರಡು ಸಲ ಉಸಿರು ಬಿಗಿ ಹಿಡಿದದ್ದು ಬಿಟ್ಟರೆ ನಿಲ್ಲಲಿಲ್ಲ. ಮುಂದೆ ನಿಂತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಐದಕ್ಕೆ ಇನ್ನೂ ಸಮಯ ಇರುವಾಗಲೇ ಗೂಡು ಖಾಲಿ ಎಂದು ಬಂತು.

ತಿಪ್ಪೇಸ್ವಾಮಿಯವರು ನಂಬಲಿಲ್ಲ. ಅವತ್ತು ಜಾಗ ಬದಲಾದ ಮೂಟೆಗಳನ್ನೇ ಆರಿಸಿ ನನ್ನ ಕೈಲಿ ಕೇಳಿಸಿದರು. ಎಲ್ಲಕ್ಕೂ ಹೊಸ ಕೋಣೆಯೇ ಬಂತು. ಮತ್ತೆ ಕೇಳಿಸಿದರು. "ಸಾರ್, ಬಸ್ಸು!" ಎಂದು ಬೈದೆ. ಬ್ಯಾಗು ಎತ್ತಿಕೊಂಡು, ಯಾರಿಗೂ ಹೇಳದೆ, ಮರ್ಯಾದಸ್ಥರ ಹಾಗೆ ಗೇಟಿನವರೆಗೂ ನಡೆದರು. ಗೇಟು ದಾಟಿದ ಮೇಲೆ ಓಡಿದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಏನೋ ಸುಖವಾಯಿತು. ಆ ವಾರದ ಸಂಬಳ ಬಾರದಿದ್ದರೂ ನಾನು ಕೇಳುತ್ತಿರಲಿಲ್ಲ.

ಆಮೇಲೆ ಅವರ ಶನಿವಾರಗಳು ತಪ್ಪಲಿಲ್ಲ. ಸೋಮವಾರ ಬರುವಾಗ ಲಕ್ಷ್ಮೀದೇವಿ ಕೊಟ್ಟು ಕಳಿಸಿದ ಶೇಂಗಾ ಚಟ್ನಿಪುಡಿ ನನ್ನ ಮೇಜಿನ ಮೇಲೆ ಇರುತ್ತಿತ್ತು. ಶೈಲಜ ಅಜ್ಜಿಯ ಸೆರಗು ಬಿಟ್ಟಳು, ಅಪ್ಪನ ಕನ್ನಡಕ ಮುರಿದಳು, ಅಪ್ಪನಿಗೆ ಕಚ್ಚಿದಳು ಎಂಬ ಸುದ್ದಿಗಳು ವಾರವಾರ ಬಂದವು. ಕಚ್ಚಿದ ಗುರುತನ್ನು ನನಗೆ ತೋಳು ಎತ್ತಿ ತೋರಿಸಿದರು, ಬಹುಮಾನ ಬಂದವರ ಹಾಗೆ. ಈ ನಡುವೆ ನನಗೆ ಪ್ರೋಗ್ರಾಮಿನ ಒಳಹೊರಗೆಲ್ಲ ಕಲಿಸಿದರು. ನಾನು ತಪ್ಪಿದಾಗೆಲ್ಲ, "ನಾನಿಲ್ಲ ಅನ್ಕಂಡು ಮಾಡು" ಎನ್ನುತ್ತಿದ್ದರು. ಅದು ಬರೀ ಪಾಠ ಎಂದುಕೊಂಡಿದ್ದೆ ನಾನು.

ಒಂದು ವರ್ಷ ಕಳೆದ ಮೇಲೆ ಕೆಲಸ ಬಿಡುತ್ತೇನೆ ಎಂದು ಸಾಹುಕಾರರ ಮುಂದೆ ಹೋಗಿ ನಿಂತರು. ಊರಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುವುದು ಎಂದು ಗೊತ್ತು ಮಾಡಿಕೊಂಡಿದ್ದರು. ಸಾಹುಕಾರರಿಗೆ ಅರ್ಥವೇ ಆಗಲಿಲ್ಲ. "ಎಲ್ಲಾ ಚೆಂದಾಗಿ ನಡೀತಾ ಇರೋವಾಗ ಯಾವನಾದ್ರೂ ಬುಟ್ಟೋಯ್ತಾನೇನಯ್ಯಾ?" ಎಂದು ಕೂಗಾಡಿದರು.

"ನಡೀತಾ ಐತಲ್ಲ ಸಾವ್ಕಾರ್ರೆ, ಅದಕ್ಕೇ ಹೋಯ್ತೀನಿ. ವಿಜಯಮ್ಮ ನೋಡ್ಕಂತಾಳೆ."

ಹೋದರು. ಅವರಿಲ್ಲದ ಎ.ಸಿ. ಕೋಣೆಗೆ ಹೋಗಲು ನನಗೆ ಒಂದು ತಿಂಗಳು ಬೇಜಾರಾಗುತ್ತಿತ್ತು. ಸುಮ್ಮನೆ ಹೇಳಬಾರದು, ಅವರ ಮೇಲೆ ಕೋಪವೂ ಇತ್ತು. ಆದರೆ ಶನಿವಾರ ಗೂಡು ತಾನಾಗಿ ಖಾಲಿಯಾಗುವುದನ್ನು ನೋಡುವಾಗ ಆ ಕೋಪ ನಿಲ್ಲುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಸಾಹುಕಾರರು ಹೊಸ ಮಿಷನ್ನು ತರಿಸಿದರು. ಅದರ ಜೊತೆಗೆ ಬಂದ ಹೊಸಬರು ಎಲ್ಲವನ್ನೂ ಹೊಸದಾಗಿ ಬರೆದರು. ಮಿಷನ್ನು ಬಲು ಜೋರು, ಆದರೆ ಶನಿವಾರ ಬಂದರೆ ಕೌಂಟರು ಮತ್ತೆ ಕಲ್ಲಾಗುತ್ತಿತ್ತು. ಸಾಹುಕಾರರು ನನ್ನನ್ನು ಕರೆದು, "ಅಮ್ಮಾಯಿ, ನೀನೇ ಹೋಗಿ ಅವನ್ನ ಕರ್ಕಂಡ್ ಬಾ. ಹಿಂದಿನ ಸಂಬಳಕ್ಕೆ ಎರಡರಷ್ಟು ಕೊಡ್ತೀನಿ, ಮನೆ ಕೊಡ್ತೀನಿ ಅನ್ನು" ಎಂದು ಬಸ್ಸಿಗೆ ಹತ್ತಿಸಿದರು.

ನಾನು ಕಲ್ಯಾಣದುರ್ಗದಲ್ಲಿ ಇಳಿದದ್ದು ಒಂದು ಶನಿವಾರ ಮಧ್ಯಾಹ್ನ. ಮಗ್ಗಗಳ ಸದ್ದು ಕೇಳುತ್ತಿದ್ದ ಒಂದು ಬೀದಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು ಬಟ್ಟೆ ಹೊದ್ದು ಮಲಗಿದ್ದವು. ಒಳಗೆ ಲಕ್ಷ್ಮೀದೇವಿ ಚಾಪೆಯ ಮೇಲೆ ಕೂತು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ತಿಪ್ಪೇಸ್ವಾಮಿಯವರು ಮಗಳ ತಲೆ ಬಾಚುತ್ತಿದ್ದರು. ಎಂಟು ವರ್ಷದ ಶೈಲಜ ಮುಖ ಊದಿಸಿಕೊಂಡು, "ಅಪ್ಪಾ, ನಿಂಗೆ ಬರಾಕಿಲ್ಲ ಬುಡು, ಒಂದು ಜಡೆ ಮೇಲೆ ಒಂದು ಜಡೆ ಕೆಳಗೆ" ಎಂದು ಜಗಳ ಆಡುತ್ತಿದ್ದಳು.

ಮಾತು ಸಾಗಿದಂತೆ ಹೊಸ ಮಿಷನ್ನಿನ ತಾಪತ್ರಯ ಹೇಳಿದೆ. ಬಾಚಣಿಗೆ ಕೈಯಲ್ಲೇ ಇಟ್ಟುಕೊಂಡು ಎರಡು ಮೂರು ಪ್ರಶ್ನೆ ಕೇಳಿದರು. "ಮಿಷನ್ ಜೋರೈತೆ ಅಂತ ಪಂಕ್ತಿನ ಕಟ್ಟಿಹಾಕಿ ದೊಡ್ಡದೊಂದು ಸಂಖ್ಯೆ ಇಟ್ಟವ್ರೆ. ಜೋರಿದ್ರೇನಮ್ಮ, ಈಚೆ ಕಾಯೋರು ಮನುಷ್ಯರೇ ಅಲ್ವಾ? ಗಡಿಯಾರ ನೋಡ್ಕಳ್ಳೋದು ಮತ್ತೆ ಹಾಕು, ಸರಿಹೋಯ್ತದೆ. ನಿಂಗೆ ಬತ್ತದೆ, ನೀನೇ ಮಾಡು" ಎಂದರು. ನನಗೂ ಅದೇ ಅನುಮಾನ ಇತ್ತು. ಅವರ ಬಾಯಿಂದ ಕೇಳಿದ ಮೇಲೆ ಧೈರ್ಯ ಬಂತು.

ಆಮೇಲೆ ಸಾಹುಕಾರರ ಮಾತು ಹೇಳಿದೆ. ಎರಡರಷ್ಟು ಸಂಬಳ, ಮನೆ. ಲಕ್ಷ್ಮೀದೇವಿಯ ಕೆಂಪು ಪೆನ್ನು ನಿಂತಿತು. ಅವರು ತಲೆ ಎತ್ತಲಿಲ್ಲ. ಜಗಳ ಆಡುತ್ತಿದ್ದ ಹುಡುಗಿ ಅಲುಗಾಡದೆ ಕೂತಳು. ಅವಳ ತಲೆ ಮಾತ್ರ ಅಪ್ಪನ ಮೊಣಕಾಲಿಗೆ ಇನ್ನಷ್ಟು ಒತ್ತಿಕೊಂಡಿತು.

ತಿಪ್ಪೇಸ್ವಾಮಿಯವರು ರಿಬ್ಬನ್ನು ಕಟ್ಟಿ ಮುಗಿಸಿದರು. "ಬಿಗಿ ಆಯ್ತೇನೇ?" ಎಂದು ಮಗಳನ್ನು ಕೇಳಿದರು. ಅವಳು ಇಲ್ಲ ಎಂದು ತಲೆ ಆಡಿಸಿದಳು. ಆಗ ನನ್ನ ಕಡೆ ತಿರುಗಿ, "ಇಲ್ಲ ಕಣಮ್ಮ, ಬರಾಕಿಲ್ಲ" ಎಂದರು. ಅಷ್ಟೇ. ಕಾರಣ ಹೇಳಲಿಲ್ಲ, ಸಾಹುಕಾರರಿಗೆ ಕ್ಷಮೆ ಕೇಳು ಎಂದೂ ಹೇಳಲಿಲ್ಲ. ಕೆಂಪು ಪೆನ್ನು ಮತ್ತೆ ಓಡತೊಡಗಿತು.

ಸಂಜೆ ಅಪ್ಪ ಮಗಳು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದು ನನಗೆ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟರು. ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ಆಮೇಲೆ ನನಗೂ ಮದುವೆಯಾಗಿ ಊರು ಬದಲಾಯಿತು. ಅವರು ತೀರಿಕೊಂಡ ಸುದ್ದಿ ಬಹಳ ತಡವಾಗಿ ಬಂತು. ಅಳುವುದಕ್ಕೂ ಹೊತ್ತು ಮೀರಿತ್ತು, ಆದರೂ ಅತ್ತೆ.

ಆ ಸಲ ಕಲ್ಯಾಣದುರ್ಗದಿಂದ ವಾಪಸ್ಸು ಬಂದು ಸೋಮವಾರ ಆಫೀಸಿಗೆ ಹೋದಾಗ ಸಾಹುಕಾರರು ಬಾಗಿಲಲ್ಲೇ ಕಾಯುತ್ತಿದ್ದರು. "ಸಿಕ್ಕಿದ್ನಾ?" ಎಂದರು.

"ಸಿಕ್ಕಿದ್ರು."

"ಎಪ್ಪುಡು ವಸ್ತಾಡಂಟ? ಯಾವಾಗ ಬತ್ತಾನಂತೆ?"

"ಬರಾಕಿಲ್ಲ ಸಾವ್ಕಾರ್ರೆ" ಎಂದೆ. "ಅವ್ರು ಮನೆಗೆ ಬಂದ್ಬುಟ್ಟವ್ರೆ."